ಹತ್ತೊಂಬತ್ತು ಡಿಗ್ರಿ ಮತ್ತು ಒದ್ದೆ ಟಿಶ್ಯೂ

ಎಸಿ 20ಕ್ಕಿಂತ ಕೆಳಗೆ ಇಳೀಬಾರ್ದು, 28ಕ್ಕಿಂತ ಮೇಲೆ ಹೋಗ್ಬಾರ್ದು ಅಂತ ರೂಲ್ ತರ್ತೀವಿ ಅಂದ್ರಲ್ಲ ಕೇಂದ್ರದ ವಿದ್ಯುತ್ ಮಂತ್ರಿಗಳು, 2025ರ ಜೂನಲ್ಲಿ, ಆಗ ನಮ್ಮ ವಾಟ್ಸಾಪ್ ಗ್ರೂಪಲ್ಲಿ ದೊಡ್ಡ ಜಗಳ. ಬೆಡ್‌ರೂಮಿಗೂ ಸರ್ಕಾರ ಬಂತಾ ಅಂತ. ನಾನೊಬ್ಬ ಮಾತ್ರ ಒಳಗೊಳಗೇ ಖುಷಿಪಟ್ಟೆ. ಯಾಕಂದ್ರೆ ಮುಂಬೈನ ಅಂಧೇರಿಯ ನಮ್ಮ ಆಫೀಸ್ ಬಿಲ್ಡಿಂಗಲ್ಲಿ ಯಾವತ್ತೂ 19 ಡಿಗ್ರಿ. ಮೇ ತಿಂಗಳಲ್ಲೂ 19, ಹೊರಗೆ ಮಳೆ ಹುಯ್ಯೋವಾಗ್ಲೂ 19. ಲೋಕಲ್‌ನಲ್ಲಿ ಬೆವರಲ್ಲಿ ತೊಯ್ದು ಬಂದವರು ಲಿಫ್ಟಿಂದ ಇಳಿದ ಕೂಡ್ಲೇ ಬ್ಯಾಗಿಂದ ಸ್ವೆಟರ್ ತೆಗೀತಾರೆ. ನನ್ನ ಪಕ್ಕದ ಸೀಟಿನ ಮೇಡಂ ಅಂತೂ ಮಫ್ಲರ್.

ಪಾಪ, ಮಂತ್ರಿಗಳಿಗೆ ಗೊತ್ತಿಲ್ಲ. ನಮ್ಮಲ್ಲಿ 19ನ್ನ 24 ಮಾಡೋ ಅಧಿಕಾರ ಮಂತ್ರಿಗೂ ಇಲ್ಲ, ಬಿಲ್ಡಿಂಗ್ ಓನರಿಗೂ ಇಲ್ಲ. ಅದಿರೋದು ಎಸಿಯನ್ನ ನಡೆಸೋ ಕಂಟ್ರೋಲರ್ ಡಬ್ಬಿ ಹಾಕಿದ ಕಂಟ್ರೋಲ್ಸ್ ಕಂಪನಿಯೋರ ಲ್ಯಾಪ್‌ಟಾಪಲ್ಲಿ. ಕಂಪನಿ ಹೆಸರು ಬೇಡ, ಹೆಸರು ಬರೆಯೋಕೂ ಲೈಸೆನ್ಸ್ ಬೇಕಾದ್ರೆ ಏನ್ಮಾಡೋದು.

ಒಂದಿನ ತಡೀಲಾರ್ದೆ ಬೇಸ್‌ಮೆಂಟಿನ ಬಿಎಂಎಸ್ (ಬಿಲ್ಡಿಂಗಿನ ಎಸಿ, ಲೈಟನ್ನೆಲ್ಲಾ ಕಂಪ್ಯೂಟರಲ್ಲಿ ನೋಡ್ಕೊಳ್ಳೋ ಸಿಸ್ಟಂ) ರೂಮಿಗೆ ಹೋದೆ. ಆಪರೇಟರ್ ಹುಡುಗ ನಮ್ಮ ಉಡುಪಿ ಕಡೆಯವನು. ಅವನ ಮುಂದೆ ಮೂರು ಮಾನಿಟರ್: ಒಂದು ನೀರು ತಣ್ಣಗೆ ಮಾಡೋ ಚಿಲ್ಲರ್‌ದು, ಒಂದು ಆ ತಣ್ಣೀರಿಂದ ಗಾಳಿ ತಂಪು ಮಾಡಿ ಊದೋ ಎಎಚ್‌ಯುಗಳದ್ದು, ಒಂದು ಲೈಟಿಂಗ್‌ದು. ಮೂರೂ ಒಂದಕ್ಕೊಂದು ಮಾತಾಡಲ್ಲ, ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ. ಮಧ್ಯೆ ರೂಲ್ ಹಾಕಿದ ಉದ್ದ ರಿಜಿಸ್ಟರ್, ಅದಕ್ಕೆ ದಾರದಲ್ಲಿ ಕಟ್ಟಿದ ಬಾಲ್‌ಪೆನ್. ಗಂಟೆಗೊಂದ್ಸಲ ಇವನು ಮೂರು ಸ್ಕ್ರೀನ್ ನೋಡಿ ಕೈಯಲ್ಲಿ ಬರ್ಕೋತಾನೆ. ಕೋಟಿಗಟ್ಟಲೆ ಸುರಿದು ಮಾಡಿದ ಆಟೊಮೇಶನ್ನಲ್ಲಿ ಸಿಸ್ಟಂಗಳನ್ನ ಜೋಡಿಸ್ತಾ ಇರೋದು ಆ ಐದು ರೂಪಾಯಿ ಪೆನ್ನು.

"ಇದ್ರಲ್ಲಿ ಬ್ಯಾಕ್‌ನೆಟ್ ಇದೆ ಅಂದಿದ್ರಲ್ಲಾ" ಅಂದೆ.

"ಉಂಟು ಸರ್. ಆದ್ರೆ ರೀಡ್ ಓನ್ಲಿ. 19 ಅಂತ ನೋಡ್ಬಹುದು, ಮುಟ್ಲಿಕ್ಕಾಗುದಿಲ್ಲ. ರೈಟ್ ಬೇಕಾದ್ರೆ ಬೇರೆ ಲೈಸೆನ್ಸ್. ಎಂತ ಮಾಡುದು ಮಾರಾಯ್ರೆ."

ಅರ್ಥ ಆಯ್ತು. ದರ್ಶನ ಫ್ರೀ, ಅಭಿಷೇಕಕ್ಕೆ ಬೇರೆ ರಸೀದಿ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಬ್ಯಾಕ್‌ನೆಟ್ ಅನ್ನೋದು ಬೇರೆ ಬೇರೆ ಕಂಪನಿಯ ಕಂಟ್ರೋಲರ್‌ಗಳು ಒಂದೇ ಭಾಷೇಲಿ ಮಾತಾಡ್ಲಿ ಅಂತ ಅಮೆರಿಕದ ಆಶ್ರೇ ಅನ್ನೋ ಎಸಿ ಎಂಜಿನಿಯರ್‌ಗಳ ಸಂಸ್ಥೆಯವರು 1987ರಲ್ಲಿ ಕಮಿಟಿ ಮಾಡಿ, ಎಂಟು ವರ್ಷ ಗುದ್ದಾಡಿ, 1995ರಲ್ಲಿ ಹೊರಗೆ ತಂದ ಸ್ಟಾಂಡರ್ಡು. ಅದೇ 1995ರಲ್ಲಿ ಬಾಂಬೆ ಮುಂಬೈ ಆಯ್ತು. ಊರು ತುಂಬ ಬೋರ್ಡು ಬದಲಾಯ್ತು, ಸ್ಟೇಶನ್ನಿನ ಹೆಸರು ಬದಲಾಯ್ತು, ಇಷ್ಟು ವರ್ಷ ಆದ್ರೂ ನಮ್ಮ ಬೇಸ್‌ಮೆಂಟಿನ ಡಬ್ಬಿ ಮಾತ್ರ ಅಪ್ಪನಾಣೆ ತನ್ನ ಮನೆಮಾತು ಬಿಟ್ಟು ಇನ್ನೊಂದು ಆಡಲ್ಲ. ಹೈಕೋರ್ಟೂ ಇನ್ನೂ ಬಾಂಬೆ ಹೈಕೋರ್ಟೇ ಅನ್ನಿ. ಚಿಲ್ಲರ್ ಪಾಪ 1979ರಿಂದ ಇರೋ ಮಾಡ್‌ಬಸ್ ಅನ್ನೋ ಹಳೇ ಮಶೀನ್ ಭಾಷೇಲಿ ಸರಳವಾಗಿ ಮಾತಾಡುತ್ತೆ, ಅದನ್ನ ಈ ಡಬ್ಬಿಗೆ ತಿಳಿಸೋಕೆ ನಡುವೆ ಗೇಟ್‌ವೇ ಅಂತ ಇನ್ನೊಂದು ಡಬ್ಬಿ, ಆ ಗೇಟ್‌ವೇಯಲ್ಲಿ ಇಷ್ಟೇ ಪಾಯಿಂಟ್ (ಒಂದೊಂದು ರೀಡಿಂಗ್ ಅಥವಾ ಸೆಟ್ಟಿಂಗಿಗೆ ಒಂದು ಪಾಯಿಂಟ್) ಅಂತ ಲೆಕ್ಕ, ಜಾಸ್ತಿ ಆದ್ರೆ ಮತ್ತೆ ಕೊಟೇಶನ್.

ಮಾಟುಂಗಾದ ಯಾವ್ದಾದ್ರೂ ಉಡುಪಿ ಹೋಟೆಲಿನ ಅಡುಗೆಮನೆ ನೋಡಿದೀರಾ? ಗ್ರೈಂಡರ್ ಕೊಯಮತ್ತೂರಿಂದು, ಇಡ್ಲಿ ತಟ್ಟೆ ಇನ್ನೆಲ್ಲಿಂದೋ, ಒಂದೇ ಬಕೆಟ್ ಸಾಂಬಾರು ಇಡ್ಲಿಗೂ ಆಯ್ತು ವಡೆಗೂ ಆಯ್ತು. ಇವತ್ತು ಭಟ್ರು ಜಗಳ ಆಡ್ಕೊಂಡು ಊರಿಗೆ ಹೋದ್ರೆ ನಾಳೆ ಇನ್ನೊಬ್ಬ ಭಟ್ರು ಬಂದು ಅದೇ ಕಾವಲಿ ಮೇಲೆ ದೋಸೆ ಹುಯ್ತಾರೆ, ಗಿರಾಕಿಗೆ ಗೊತ್ತೂ ಆಗಲ್ಲ. ಇದನ್ನೇ ನಮ್ಮ ಕಂಟ್ರೋಲ್ಸ್‌ನೋರು ನಡೆಸಿದ್ರೆ, ಹಿಟ್ಟು ಬೇರೆ ಅಂಗಡೀದಾದ್ರೆ ಕಾವಲಿ ಕಾಯೋದೇ ಇಲ್ಲ, ಹೊಸ ಭಟ್ರಿಗೆ ಒಲೆಯ ಪಾಸ್‌ವರ್ಡ್ ಕೊಡಲ್ಲ, ಎರಡನೇ ಸಲ ಸಾಂಬಾರ್ ಕೇಳಿದ್ರೆ ನಿಮ್ಮ ಪಾಯಿಂಟ್ ಮುಗೀತು ಅಂತಾರೆ. (ಈಗೀಗ ಕೆಲವು ಹೋಟೆಲಲ್ಲಿ ಎಕ್ಸ್‌ಟ್ರಾ ಸಾಂಬಾರಿಗೂ ದುಡ್ಡು ತಗೋತಾರೆ. ಅದು ಬೇರೆ ಪಾಪ, ಇನ್ನೊಂದಿನ ಬರೀತೀನಿ.)

ಒಂದೇ ಕಂಪನಿ ಆದ್ರೆ ಕೆಟ್ಟಾಗ ಒಂದೇ ಕಡೆ ಫೋನ್ ಮಾಡಿದ್ರಾಯ್ತು ಅಂತಾರೆ ಫೆಸಿಲಿಟಿ ಮ್ಯಾನೇಜರು. ಏಕಪತ್ನೀವ್ರತ, ದೊಡ್ಡ ಮಾತು. ಸುಳ್ಳೂ ಅಲ್ಲ, ಐದು ಬ್ರಾಂಡ್ ಕಲಸಿದ ಕಡೆ ನನ್ದಲ್ಲ ಅವನ್ದು ಅಂತ ವಾರಗಟ್ಟಲೆ ತಳ್ಳಾಡೋದನ್ನೂ ಕಂಡಿದೀನಿ. ಆದ್ರೆ ಇಲ್ಲಿ ಇರೋದು ಒಂದೇ ನಂಬರು, ಅದನ್ನೂ ಎತ್ತಲ್ಲ.

ಸಾಕಾಗಿದೆ ಕಣ್ರೀ. ಡಬ್ಬಿ ನಮ್ಮ ದುಡ್ಡಿಂದು, ಕರೆಂಟ್ ಬಿಲ್ ನಮ್ದು, ನೆಗಡಿ ನಮ್ದು, ಪಾಸ್‌ವರ್ಡ್ ಮಾತ್ರ ಅವರ್ದು. ಟೆಂಡರಲ್ಲಿ ಎಲ್-ಒನ್, ಅಂದ್ರೆ ಎಲ್ಲಕ್ಕಿಂತ ಕಡಿಮೆ ರೇಟು, ಬಂತು ಅಂತ ಬಿಲ್ಡಿಂಗಿನೋರು ಕುಣಿದ್ರಲ್ಲ, ಪಾಸ್‌ವರ್ಡು, ಪ್ರೋಗ್ರಾಂ ಬ್ಯಾಕಪ್ಪು, ಎಂಜಿನಿಯರಿಂಗ್ ಸಾಫ್ಟ್‌ವೇರು ಕೆಲಸ ಮುಗಿದ್ಮೇಲೆ ನಮ್ಮ ಕೈಗೆ ಕೊಡ್ಬೇಕು ಅಂತ ಒಂದು ಸಾಲು ಬರೆಸ್ಕೊಳ್ಳೋಕೆ ಏನಾಗಿತ್ತು ಇವರಿಗೆ? ಕಡಿಮೆ ರೇಟಿಗೆ ಕೊಟ್ಟೋನು ಆಮೇಲೆ ಎಎಂಸೀಲಿ, ಅಂದ್ರೆ ವರ್ಷದ ಮೇಂಟೆನೆನ್ಸ್ ಕಾಂಟ್ರಾಕ್ಟಲ್ಲಿ, ವರ್ಷ ವರ್ಷ ಹಿಂಡ್ತಾನೆ ಅಂತ ಆ ಕಮಿಟೀಲಿ ಒಬ್ಬರಿಗೂ ತಿಳೀಲಿಲ್ವಾ, ತಿಳಿದೂ ಸುಮ್ನಿದ್ರಾ?

ಕೊನೆಗೆ ಹೋದ ತಿಂಗಳು ಟೆಕ್ನೀಶಿಯನ್ ಬಂದ. ಲ್ಯಾಪ್‌ಟಾಪ್ ಚುಚ್ಚಿದ, ಲೈಸೆನ್ಸ್ ಇರೋ ಡಾಂಗಲ್ (ಯುಎಸ್‌ಬಿ ಕೀಲಿ) ಹಾಕಿದ, ನಾಲ್ಕು ನಿಮಿಷದಲ್ಲಿ 24 ಮಾಡಿದ, ವಿಸಿಟ್ ಚಾರ್ಜ್ ಬರೆದ, ಚಹಾ ಕುಡಿದು ಹೋದ. ಫ್ಲೋರ್ ತುಂಬ ಹಬ್ಬ, ಮೇಡಂ ಮಫ್ಲರ್ ಬಿಚ್ಚಿದ್ರು. ಮುಂದಿನ ಭಾನುವಾರ ಮೇಂಟೆನೆನ್ಸಿಗೆ ಪವರ್ ತೆಗೆದು ಹಾಕಿದ್ರು, ಸೋಮವಾರ ಬಂದ್ರೆ ಮತ್ತೆ 19. ಪರ್ಮನೆಂಟ್ ಸೇವ್ ಮಾಡೋದು ಬೇರೆ ಸ್ಕೋಪಂತೆ, ಅಂದ್ರೆ ಈ ಕೆಲಸದ ಲೆಕ್ಕಕ್ಕೆ ಬರಲ್ವಂತೆ.

ಈಗ ನಮ್ಮ ಫ್ಲೋರಿನ ವ್ಯವಸ್ಥೆ ಹೀಗಿದೆ: ಗೋಡೆ ಮೇಲಿನ ಸೆನ್ಸರಿಗೆ ಒದ್ದೆ ಟಿಶ್ಯೂ ಅಂಟಿಸ್ತೀವಿ. ನೀರು ಆರ್ತಾ ಸೆನ್ಸರ್ ತಣ್ಣಗಾಗುತ್ತೆ, ರೂಮೇ ತಣ್ಣಗಾಯ್ತು ಅಂದ್ಕೊಂಡು ಕಂಟ್ರೋಲರ್ ತಣ್ಣೀರಿನ ವಾಲ್ವ್ ಮುಚ್ಚುತ್ತೆ. ಯಾವ ಬ್ರಾಂಡಿನ ಟಿಶ್ಯೂ ಆದ್ರೂ ನಡೆಯುತ್ತೆ. ಅರ್ಧ ಗಂಟೆಗೊಂದ್ಸಲ ನೀರು ಚಿಮುಕಿಸ್ಬೇಕು ಅಷ್ಟೇ, ಅದಕ್ಕೆ ಡ್ಯೂಟಿ ಹಂಚ್ಕೊಂಡಿದೀವಿ. ಏಳೂವರೆಯಾಯ್ತು, ಮೂರೂವರೆಯಿಂದ ನನ್ದೇ ಡ್ಯೂಟಿ, ಇದನ್ನ ಬರೀತಾ ಬರೀತಾ ಟಿಶ್ಯೂ ಒಣಗಿ ಹೋಗಿದೆ, ಮೇಡಂ ಆಗ್ಲೇ ಮಫ್ಲರ್ ಹುಡುಕ್ತಿದಾರೆ.