ಮ್ಯೂಸಿಯಂನ ಹಳೇ ಡ್ರಾಯರ್‌ನಲ್ಲಿ ಸಿಕ್ಕ ಜೀರುಂಡೆಗೆ ಹೊಸ ಹೆಸರು: ಇಡ್ಬೇಕಾ, ಬೇಡ್ವಾ?

ಪರ: ಇಡ್ಲಿ, ತಡ ಯಾಕೆ

(ತಿನ್ನೋ ಇಡ್ಲಿ ಅಲ್ಲ ಸ್ವಾಮಿ, ಹೆಸರು ಇಡ್ಲಿ.)

1832ರಲ್ಲಿ ಬೀಗಲ್ ಹಡಗಲ್ಲಿ ಹೋಗಿದ್ದ ಡಾರ್ವಿನ್, ಅರ್ಜೆಂಟೀನಾದ ಬಹಿಯಾ ಬ್ಲಾಂಕಾದಲ್ಲಿ ಒಂದು ಜೀರುಂಡೆ ಹಿಡಿದ. ರೋವ್ ಬೀಟಲ್ ಅಂತಾರಲ್ಲ, ಆ ಗುಂಪಿಂದು, ರೆಕ್ಕೆ ಮುಚ್ಚೋ ಚಿಪ್ಪು ಗಿಡ್ಡ, ಹೊಟ್ಟೆ ಹೊರಗೇ ಕಾಣ್ತಿರತ್ತೆ, ತಲೆ ಮಾತ್ರ ಮಿರಮಿರ ಹಸಿರು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿ ಆಮೇಲೆ ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ. ಎಷ್ಟೋ ವರ್ಷ ಆದ್ಮೇಲೆ ಚಾಟ್ಜಿಮನೋಲಿಸ್ ಅನ್ನೋ ಕೀಟತಜ್ಞ ಬೇರೆ ಯಾವ್ದೋ ಕುಲದ ಹುಳಗಳನ್ನ ಅಲ್ಲಿಂದ ಎರವಲು ತರಿಸಿಕೊಂಡ್ರು, ಅದ್ರ ಮಧ್ಯೆ ಇದು ಕೂತಿತ್ತು! 2014ರ ಫೆಬ್ರವರಿ 12, ಡಾರ್ವಿನ್ ಹುಟ್ಟಿದ ದಿನವೇ, ಡಾರ್ವಿನಿಲಸ್ ಸೆಡಾರಿಸಿ ಅಂತ ಹೆಸರಾಯ್ತು. ಹಿಡಿದು ಸುಮಾರು 180 ವರ್ಷ ಆದ್ಮೇಲೆ ನಾಮಕರಣ.

ಇದು ಅಪರೂಪದ ಕಥೆ ಅನ್ಕೋಬೇಡಿ. ಒಂದು ಪ್ರಭೇದ ಸಿಕ್ಕಿದ್ದಕ್ಕೂ ಹೆಸರಾಗೋದಕ್ಕೂ ಮಧ್ಯೆ ಸರಾಸರಿ 21 ವರ್ಷ ಅಂತ 2012ರಲ್ಲಿ ಲೆಕ್ಕ ಹಾಕಿದ್ರು. ಅಷ್ಟು ದಿನ ಹುಳ ಉಳೀಬೇಕಲ್ಲ? ನಮ್ಮ ಕಾಲೇಜ್ ಲ್ಯಾಬಲ್ಲಿ ಒಂದ್ಸಲ ಹಳೇ ಪೆಟ್ಟಿಗೆ ತೆಗೆದ್ವಿ, ನ್ಯಾಫ್ತಲಿನ್ ವಾಸನೆ ಮೂಗಿಗೆ ಹೊಡೀತು, ಸೂಜಿಗೆ ಹಸಿರು ಕಿಲುಬು, ಲೇಬಲ್ ನೀಟಾಗಿದೆ, ಹುಳ ಇದ್ದ ಜಾಗದಲ್ಲಿ ಒಂದು ಚಿಟಿಕೆ ಕಂದು ಪುಡಿ ಅಷ್ಟೇ. ತಿಂದಿದ್ದು ಡರ್ಮೆಸ್ಟಿಡ್ ಮರಿಹುಳ, ಅದೂ ಜೀರುಂಡೆಯದ್ದೇ ಸಂತಾನ! ಪುಡಿ ಆಗೋದು ನಿಧಾನಕ್ಕೆ, ಬೆಂಕಿಗೆ ಒಂದೇ ರಾತ್ರಿ ಸಾಕು. 2018ರ ಸೆಪ್ಟೆಂಬರ್ 2ರಂದು ರಿಯೋದಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ಮ್ಯೂಸಿಯಂ ಹತ್ತಿ ಉರಿದಾಗ ಕೀಟ ಸಂಗ್ರಹದ ಬಹುಪಾಲು ಹೋಯ್ತು. ಹೆಸರಿಟ್ಟಿದ್ದಿದ್ರೆ ವಿವರಣೆ, ಚಿತ್ರ, ಅಳತೆಯಾದ್ರೂ ಸಂಶೋಧನಾ ಪೇಪರಲ್ಲಿ ಉಳೀತಿತ್ತು. ಹೆಸರಿಲ್ದೆ ಸುಟ್ಟುಹೋದದ್ದಕ್ಕೆ ಲೆಕ್ಕ ಇಡೋರ್ಯಾರು?

ವಿರೋಧ: ಮೊದ್ಲು ಹೊರಗೆ ಹೋಗಿ ಹುಡುಕಿ

ಡಾರ್ವಿನ್ ಕಥೆ ಹೇಳಿದೋರು ಅದೇ ಪ್ರಭೇದದ ಇನ್ನೊಂದು ಹುಳದ ಸುದ್ದೀನೇ ಎತ್ತಲಿಲ್ಲ. ಅದು ಬರ್ಲಿನ್ ಮ್ಯೂಸಿಯಂದು, ಅರ್ಜೆಂಟೀನಾದ್ದೇ ರಿಯೋ ಕ್ವಾರ್ಟೋದಲ್ಲಿ ಹಿಡಿದದ್ದು, 1935ಕ್ಕಿಂತ ಈಚಿನದಂತೂ ಅಲ್ಲ. ಹೆಸರಿಡುವಾಗ ಕೈಲಿದ್ದದ್ದು ಒಟ್ಟು ಎರಡೇ ಹುಳ, ಆ ಕಡೆ ಜಾಗ ಬಹಳಷ್ಟು ಹೊಲ ಆಗಿಹೋಗಿದೆ. ಅದರ ಮರಿ ಎಲ್ಲಿರತ್ತೆ, ಏನು ತಿನ್ನತ್ತೆ? ಸೂಜಿಗೆ ಚುಚ್ಚಿದ ಹೆಣ ಹೇಳಲ್ಲ.

ಒಂದೇ ಹುಳ ನೋಡಿ ಹೆಸರಿಟ್ರೆ ಆಗೋ ಎಡವಟ್ಟು ಏನು ಗೊತ್ತಾ. ಸ್ಟ್ಯಾಗ್ ಬೀಟಲ್ ತಗೊಳ್ಳಿ, ಮರಿ ಇದ್ದಾಗ ಚೆನ್ನಾಗಿ ತಿಂದ ಗಂಡಿಗೆ ದವಡೆ ಜಿಂಕೆ ಕೊಂಬಿನಷ್ಟು, ಅರೆಹೊಟ್ಟೆ ತಮ್ಮನಿಗೆ ಪುಟ್ಟ ಇಕ್ಕಳದಷ್ಟು, ಹೆಣ್ಣಂತೂ ಬೇರೆಯೇ ಥರ. ಮೂರೂ ಬೇರೆ ಬೇರೆ ಡ್ರಾಯರಲ್ಲಿ ಸಿಕ್ರೆ ಮೂರು ಹೆಸರು! ಆಮೇಲೆ ಬಂದೋನು ಇವೆಲ್ಲ ಒಂದೇ ಅಂತ ತೋರಿಸೋಕೆ ವರ್ಷಗಟ್ಟಲೆ ಒದ್ದಾಡ್ಬೇಕು. ಡಿಎನ್‌ಎ ನೋಡ್ಬಹುದಲ್ಲ ಅಂತೀರಿ, ಹಳೇ ಒಣಗಿದ ಹುಳದಲ್ಲಿ ಅದು ಚೂರುಚೂರಾಗಿರತ್ತೆ, ಸಿಕ್ರೆ ಪುಣ್ಯ.

ಹೆಸರು ಒಮ್ಮೆ ನಿಯಮದ ಪ್ರಕಾರ ಬಿತ್ತು ಅಂದ್ರೆ ಇಷ್ಟ ಆಗಲ್ಲ ಅಂತ ತೆಗೆಯೋಕೂ ಆಗಲ್ಲ. ಸ್ಲೊವೇನಿಯಾದ ಗುಹೆಯ ಕುರುಡು ಜೀರುಂಡೆಗೆ 1937ರಲ್ಲಿ ಹಿಟ್ಲರ್ ಹೆಸರಿಟ್ರು, ಅನಾಫ್ತಾಲ್ಮಸ್ ಹಿಟ್ಲೆರಿ, ಇವತ್ತಿಗೂ ಅದೇ ಹೆಸರು. ಪಾಪ, ಹುಳದ ತಪ್ಪೇನು.

ಇನ್ನು ಲೇಬಲ್. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಯಿಂದ ಹೋದ ಹುಳಗಳಿಗೆ ಎಷ್ಟೋ ಸಲ ಊರಿನ ಹೆಸರೇ ಇರಲ್ಲ, ಬರೀ ‘ಕೆನರಾ’. ಕಾರವಾರದ ಮರಳೋ, ದಾಂಡೇಲಿ ಕಾಡೋ, ಶಿರಸಿ ತೋಟವೋ? ಮಳೆಗಾಲದ ರಾತ್ರಿ ಹುಳ ಬೆಳಕಿಗೆ ಬರ್ಲಿ ಅಂತ ಬಿಳಿ ಪಂಚೆಯನ್ನ ಪರದೆ ಥರ ಕಟ್ಟಿ, ಹಿಂದೆ ಬಲ್ಬ್ ಹಾಕಿ, ಇಂಬಳ ಕಿತ್ಕೋತಾ ಕೂತೋರಿಗೆ ಗೊತ್ತು, ಎರಡು ಕಿಲೋಮೀಟರ್ ಆಚೆ ಬರೋ ಹುಳವೇ ಬೇರೆ. ಅದೇ ಪಂಚೆ ಮೇಲೆ ಗಂಡು, ಹೆಣ್ಣು, ದೊಡ್ಡದು, ಚಿಕ್ಕದು ಒಟ್ಟಿಗೆ ಬಂದು ಕೂತಾಗ ಇಡಿ ಹೆಸರು, ಅಲ್ಲಿವರೆಗೆ ಡ್ರಾಯರಿನ ಹುಳಕ್ಕೆ ಒಂದು ನಂಬರ್, ಒಂದು ಫೋಟೋ ಸಾಕು.