ಗೈಡ್ ನಿಂತಲ್ಲಿ ನಾವೂ ನಿಲ್ಲಬೇಕು

ಇವತ್ತು ಬೆಳಿಗ್ಗೆ ನಡೆದದ್ದನ್ನು ಬರೆಯದೆ ನನಗೆ ನಿದ್ದೆ ಬರುವುದಿಲ್ಲ. ಆಲ್ಪ್ಸ್‌ನಲ್ಲಿದ್ದೇನೆ, ಸ್ವಿಟ್ಜರ್ಲೆಂಡಿನ ವಾಲಿಸ್ ಪ್ರಾಂತ್ಯ, ಗೈಡ್ ಜೊತೆ ಐದು ದಿನದ ನಡಿಗೆ. ಆಲೆಚ್ ಕಾಡಿನ ದಾರಿಯಲ್ಲಿ ನಮ್ಮ ಗೈಡ್ ಒಂದು ಬಂಡೆಯ ಹತ್ತಿರ ಕೂತರು. ಅರವತ್ತು ದಾಟಿದ ಹೆಂಗಸು. ಬಂಡೆಯ ಬಿರುಕಿನಲ್ಲಿ ಐದಾರು ಪುಟ್ಟ ಪೈನ್ ಸಸಿಗಳು ಒತ್ತೊತ್ತಾಗಿ ಎದ್ದಿದ್ದವು. ಅವರು ಬಾಯಿ ತೆರೆಯುವಷ್ಟರಲ್ಲಿ ಗುಂಪಿನವರೊಬ್ಬರು "ಮೇಡಂ, ಇದು ಗಿಡ ತಾನೇ? ಹಿಮನದಿ ಎಷ್ಟು ಹೊತ್ತಿಗೆ ಸಿಗುತ್ತೆ?" ಅಂದರು. ಗೈಡ್ ಏನೂ ಹೇಳದೆ ಎದ್ದು ನಡೆದರು. ನನಗೆ ಮೈಯೆಲ್ಲ ಉರಿದುಹೋಯಿತು.

ಬುತ್ತಿ ಬಿಚ್ಚುವ ಹೊತ್ತಿಗೆ ಅವರ ಪಕ್ಕ ಹೋಗಿ ಕೂತು ನಾನೇ ಕೇಳಿದೆ. ಅದು ಅರೋಲಾ ಪೈನ್ ಅಂತೆ. ಉದುರಿದ್ದ ಎಲೆಯ ಒಂದು ಗೊಂಚಲನ್ನು ನನ್ನ ಅಂಗೈಗೆ ಹಾಕಿ "ಎಣಿಸಿ" ಅಂದರು. ಸೂಜಿಯಂಥ ಎಲೆ, ಐದು. ಈ ಮರದ ಬೀಜಕ್ಕೆ ರೆಕ್ಕೆ ಇಲ್ಲ, ಗಾಳಿಯಲ್ಲಿ ಹಾರುವುದಿಲ್ಲ. ನಟ್‌ಕ್ರ್ಯಾಕರ್ ಅನ್ನುವ, ಕಾಗೆಯ ಬಳಗದ ಹಕ್ಕಿಯೊಂದು ಚಳಿಗಾಲಕ್ಕೆ ಅಂತ ಬೀಜಗಳನ್ನು ಹಿಡಿಹಿಡಿಯಾಗಿ ಮಣ್ಣಲ್ಲಿ, ಬಂಡೆಯ ಸಂದಿಯಲ್ಲಿ ಹೂತಿಡುತ್ತದೆ. ಹಿಮ ಬಿದ್ದ ಮೇಲೂ ಹೆಚ್ಚಿನವನ್ನು ಹುಡುಕಿ ತಿನ್ನುತ್ತದೆ. ಉಳಿದವು ಮೊಳೆಯುತ್ತವೆ. ನಾವು ದಾಟಿ ಬಂದೆವಲ್ಲ, ಆ ಐದಾರು ಸಸಿ, ಅದು ಒಂದು ಹಕ್ಕಿ ತಿನ್ನದೆ ಬಿಟ್ಟ ಒಂದು ಹಿಡಿ ಬೀಜ! ಅಷ್ಟು ಕೇಳೋಕೆ ಎರಡು ನಿಮಿಷ ಸಾಕಿತ್ತು.

ಮೊನ್ನೆಯೂ ಇದೇ ಕತೆ. ಹಳ್ಳಿಯೊಂದರಲ್ಲಿ ಮರದ ಹಳೆಯ ಕಣಜ ತೋರಿಸಿದರು. ಗಿಡ್ಡ ಕಾಲುಗಳ ಮೇಲೆ ನಿಂತಿದೆ, ಕಾಲಿಗೂ ಕಣಜಕ್ಕೂ ನಡುವೆ ಅಗಲವಾದ ಕಲ್ಲಿನ ಬಿಲ್ಲೆ. ಇಲಿ ಕಾಲು ಹತ್ತಿ ಬಂದರೂ ಬಿಲ್ಲೆಯ ಅಂಚು ದಾಟಲಾರದು. ಬಿಲ್ಲೆಯ ಅಡಿಗೆ ಕೈಯಿಟ್ಟು ನೋಡಿ ಅಂದರು. ನಾನು ಇಟ್ಟೆ. ಉಳಿದವರು ಕಣಜಕ್ಕೆ ಬೆನ್ನು ಮಾಡಿ ಫೋಟೋ ತೆಗೆಸಿಕೊಂಡು ಹೊರಟರು.

ಸರಿ, ಕೊನೆಗೆ ಹಿಮನದಿ ಸಿಕ್ಕಿತು. ಆಲೆಚ್, ಇಡೀ ಆಲ್ಪ್ಸ್‌ನಲ್ಲೇ ಉದ್ದನೆಯದು, ಸುಮಾರು 20 ಕಿಲೋಮೀಟರ್. ಅಲ್ಲಿ ನಿಂತು ಅವರು ಹೇಳಿದ್ದು ಕೇಳಿ. ಕೆಳಗಿನ ಫೀಶ್ ಊರಿನವರು 1678ರಲ್ಲಿ ದೇವರಿಗೆ ಹರಕೆ ಹೊತ್ತರಂತೆ, ಹಿಮನದಿ ಬೆಳೆಯದಿರಲಿ ಅಂತ. ಮಂಜುಗಡ್ಡೆ ತಡೆದಿಟ್ಟ ಕೆರೆ ಒಡೆದು ನೀರು ಊರಿಗೆ ನುಗ್ಗುವ ಭಯ ಅವರಿಗೆ. ಈಗ ಅದೇ ಊರಿನವರು ಪೋಪ್ ಅವರ ಅನುಮತಿ ಪಡೆದು ಹರಕೆಯನ್ನೇ ತಿರುಗಿಸಿದ್ದಾರೆ, ಹಿಮನದಿ ಕರಗದಿರಲಿ ಅಂತ. ನನಗೆ ಗಂಟಲು ಕಟ್ಟಿತು. ಹಿಂದಿರುಗಿ ನೋಡಿದರೆ ಕೇಳುತ್ತಿದ್ದವರು ಇಬ್ಬರೇ.

ರಜೆ ಕಡಿಮೆ, ಖರ್ಚು ಜಾಸ್ತಿ, ಬಂದಮೇಲೆ ಎಲ್ಲಾ ನೋಡಬೇಕು ಅಲ್ವಾ ಅನ್ನುತ್ತೀರಿ. ನೋಡಿ, ಯಾರು ಬೇಡ ಅಂದರು? ಯುಂಗ್‌ಫ್ರೌಯೋಕ್ ಅನ್ನುವ ಬೆಟ್ಟದ ಸಂದಿಗೆ 1912ರಿಂದಲೇ ರೈಲಿದೆ, 3,454 ಮೀಟರ್ ಎತ್ತರಕ್ಕೆ ಕೂತಲ್ಲೇ ಕರೆದೊಯ್ದು ಇದೇ ಹಿಮನದಿ ತೋರಿಸುತ್ತದೆ. ಅವಸರ ಇದ್ದವರಿಗೆ ಅದು ಒಳ್ಳೆಯದೇ. ಆದರೆ ಇಲ್ಲಿನ ಕಣಿವೆಯಲ್ಲೇ ಹುಟ್ಟಿ ಬೆಳೆದವರನ್ನು ಗೈಡ್ ಅಂತ ಕರೆದುಕೊಂಡು, ಅವರ ಬಾಯಿ ಮುಚ್ಚಿಸಿ ನಡೆಸುವುದು ಯಾವ ನ್ಯಾಯ? ಇಲ್ಲಿನ ಹಳದಿ ಬೋರ್ಡುಗಳಲ್ಲಿ ಊರಿನ ಹೆಸರಿನ ಮುಂದೆ ಕಿಲೋಮೀಟರ್ ಬರೆದಿರುವುದಿಲ್ಲ, ನಡೆಯಲು ಹಿಡಿಯುವ ಹೊತ್ತು ಬರೆದಿರುತ್ತಾರೆ. ನಮ್ಮವರು ಅದಕ್ಕಿಂತ ಬೇಗ ಮುಟ್ಟುವುದೇ ಸಾಧನೆ ಅಂದುಕೊಂಡಿದ್ದಾರೆ.

ಇನ್ನೊಂದು ಮಾತು. ಅಮ್ಮ ಹೋದ ಮೇಲೆ ನಾನು ಹೇಗಿದ್ದೆ ಅಂತ ನಿಮ್ಮಲ್ಲಿ ಹಲವರು ನೋಡಿದ್ದೀರಿ. ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ಬೆಳಗಿನವರೆಗೂ ಸೂರು ನೋಡುವುದು. ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಅಂತ ಈ ನಡಿಗೆ ಏರ್ಪಡಿಸಿದವರು ಬರೆದಿದ್ದರು, ಅದನ್ನು ನಂಬಿ ಬಂದವಳು ನಾನು. ಮೊದಲ ದಿನ ಲಾಯ್ಕರ್‌ಬಾಡ್‌ನ ಬಿಸಿನೀರ ಬುಗ್ಗೆಯಲ್ಲಿ ಕೂತೆ, ಹಾಯಾಗಿತ್ತು, ಆದರೂ ಮೂರಕ್ಕೆ ಎಚ್ಚರವಾಯಿತು. ನಿದ್ದೆ ಬಂದದ್ದು ಕಣಜ ನೋಡಿದ ರಾತ್ರಿ. ದಿನವಿಡೀ ಆ ಹೆಂಗಸಿನ ಹಿಂದೆ, ಅವರು ನಿಂತಲ್ಲಿ ನಿಂತು, ಮೆಲ್ಲಗೆ ನಡೆದಿದ್ದೆ. ಎಚ್ಚರವಾದಾಗ ಆರೂವರೆ.

ನಾಳೆ ಕೊನೆಯ ದಿನ. ಗದ್ದೆಗಳಿಗೆ ಹಿಮದ ನೀರು ತರುವ ಹಳೆಯ ಕಾಲುವೆಯ ಪಕ್ಕದ ದಾರಿ. ಅವಸರ ಇದ್ದವರು ಕೇಬಲ್ ಕಾರಿನಲ್ಲಿ ಮುಂದೆ ಹೋಗಿ ಕಾಯಿರಿ ಅಂತ ಊಟದ ಮೇಜಿನಲ್ಲಿ ಹೇಳಿಬಿಟ್ಟೆ. ಮೂವರು ಮುಖ ಊದಿಸಿಕೊಂಡಿದ್ದಾರೆ. ಗೈಡ್ ಮಾತ್ರ ನನ್ನ ತಟ್ಟೆಗೆ ಇನ್ನೊಂದು ತುಂಡು ಚೀಸ್ ಹಾಕಿದರು.