ಮುಟ್ಟಿದರೆ ಮುನಿ

ತಂತ್ರಾಂಶ ಬರೆದವನಿಗೆ ಹಾರ, ತುರಾಯಿ. ಅದನ್ನು ವರ್ಷಗಟ್ಟಲೆ ಉಸಿರಾಡಿಸಿಕೊಂಡು ಬಂದವನಿಗೆ ನಡುರಾತ್ರಿಯ ಫೋನ್ ಕರೆ.

ನಮ್ಮ ಕಚೇರಿಯ ಹಳೆಯ ತಂತ್ರಾಂಶವನ್ನು ಸಂಭಾಳಿಸುವ ಈ ಪಟ್ಟ ನನಗೆ ಕಟ್ಟುವ ಮುನ್ನ 'ಜ್ಞಾನ ಹಸ್ತಾಂತರ' ಎಂಬ ಶಾಸ್ತ್ರ ನಡೆಯಿತು. ಒಂಬತ್ತು ವರ್ಷ ಅದರ ಕೋಡ್ (ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳು) ಸಾಕಿದ ಮಹಾನುಭಾವರು ಕೆಲಸ ಬಿಡುವ ದಿನ, ಸಂಜೆ ನಾಲ್ಕೂವರೆಗೆ, ಬರೀ ಅರ್ಧ ಗಂಟೆ. "ಎಲ್ಲ ಕೋಡ್‌ನಲ್ಲೇ ಇದೆ, ಓದಿದರೆ ತಿಳಿಯುತ್ತದೆ" ಎಂದು ಹರಸಿ ಹೊರಟರು.

ಓದಿದೆ. ಟೆಂಪ್ ಎಂಬ ವೇರಿಯಬಲ್ (ಲೆಕ್ಕದ ಮೌಲ್ಯ ತುಂಬಿಡುವ ಡಬ್ಬಿ), ಅದರ ತಮ್ಮ ಟೆಂಪ್2, ಅವನ ಮಗ ಟೆಂಪ್2_ಹೊಸ. ದೊಡ್ಡ ಸಂಸಾರ. ಸಂಬಳ ಲೆಕ್ಕ ಹಾಕುವ ಫಂಕ್ಷನ್ನಿನ ನಟ್ಟನಡುವೆ, ಮೂರು ಸೆಕೆಂಡ್ ಮಲಗು ಎಂಬ ಆಜ್ಞೆ. ಪಕ್ಕದಲ್ಲಿ ಟಿಪ್ಪಣಿ: "ತಾತ್ಕಾಲಿಕ. ತೆಗೆಯಬೇಡಿ." ಏಕೆ ಮಲಗಬೇಕು, ಯಾರಿಗಾಗಿ ಕಾಯಬೇಕು, ಒಂದಕ್ಷರವಿಲ್ಲ. ತೆಗೆದೆ. ಆ ತಿಂಗಳು ಅರ್ಧ ಜನರಿಗೆ ಎರಡು ಸಲ ಸಂಬಳವಾಯಿತು. ಉಳಿದರ್ಧ ಜನ ನನ್ನನ್ನು ಹುಡುಕಿಕೊಂಡು ಬಂದರು. ಆಜ್ಞೆಯನ್ನು ಇದ್ದಲ್ಲೇ ಕೂರಿಸಿದೆ. ಈಗ ಕೋಡ್ ಮಲಗುತ್ತದೆ, ನನಗೆ ನಿದ್ದೆಯಿಲ್ಲ.

"ಪೂರ್ತಿ ಹೊಸದಾಗಿ ಬರೆಯೋಣವೇ ಸರ್?" ಎಂದು ಕೇಳಿದೆ. "ನಡೆಯುತ್ತಿದೆಯಲ್ಲ, ಮುಟ್ಟಬೇಡಿ" ಎಂದರು ಮೇಲಧಿಕಾರಿ. ಮರುಗಳಿಗೆಯಲ್ಲೇ, "ಒಂದು ಸಣ್ಣ ಬದಲಾವಣೆ ಇದೆ, ಸಂಜೆಯೊಳಗೆ ಆಗಬೇಕು." ಮುಟ್ಟದೆ ಬದಲಾಯಿಸುವ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ! (ಹೊಸದಾಗಿ ಬರೆದಿದ್ದರೆ ನನ್ನ ನಂತರ ಬರುವವನು ಯಾರನ್ನು ಶಪಿಸುತ್ತಿದ್ದ ಎಂಬುದು ಬೇರೆ ಮಾತು.)

'ನಡೆಯುತ್ತಿದೆಯಲ್ಲ' ಎಂಬ ಮಂತ್ರಕ್ಕೆ ರಾಕೆಟ್ಟುಗಳೂ ಹೊರತಲ್ಲ. ಯುರೋಪಿನ ಏರಿಯಾನ್ 4 ರಾಕೆಟ್ಟಿನಲ್ಲಿ ಸೊಗಸಾಗಿ ನಡೆದ ಕೋಡನ್ನು ಏರಿಯಾನ್ 5ಕ್ಕೆ ಹಾಗೆಯೇ ಹೊತ್ತು ತಂದರು. 1996ರ ಜೂನ್ 4ರಂದು, 64 ಬಿಟ್‌ಗಳ (ಸೊನ್ನೆ ಅಥವಾ ಒಂದು ಕೂರುವ ಮನೆಗಳ) ಸಂಖ್ಯೆಯನ್ನು 16 ಬಿಟ್‌ಗಳ ಡಬ್ಬಿಗೆ ತುರುಕಲು ಹೋಗಿ, ಹಾರಿದ ಒಂದು ನಿಮಿಷದೊಳಗೆ ರಾಕೆಟ್ ಚೂರುಚೂರಾಯಿತು. ತಮಾಷೆಯೆಂದರೆ, ಮೇಲೆದ್ದ ನಂತರ ಏರಿಯಾನ್ 5ಕ್ಕೆ ಆ ಲೆಕ್ಕ ಬೇಕೇ ಇರಲಿಲ್ಲ. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಂಡಂತೆ.

ಇನ್ನು ಸರ್ಕಾರಗಳು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳು ಪ್ರವಾಹದಂತೆ ಬಂದವು, ಹಳೆಯ ಮೇನ್‌ಫ್ರೇಮ್ ಎಂಬ ದೈತ್ಯ ಕಂಪ್ಯೂಟರ್ ಏದುಸಿರು ಬಿಟ್ಟಿತು. ಕೊಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಸ್ವಯಂಸೇವಕರು ಬೇಕೆಂದು ಗವರ್ನರ್ ಬಹಿರಂಗವಾಗಿ ಕೇಳಿಕೊಂಡರು. ಕೊಬಾಲ್ ಹುಟ್ಟಿದ್ದು 1959ರಲ್ಲಿ. ಕೆಲಸ ಕಳೆದುಕೊಂಡವರಿಗೆ ದುಡ್ಡು ತಲುಪಿಸಲು ದುಡ್ಡಿಲ್ಲದೆ ಕೆಲಸ ಮಾಡುವವರು ಬೇಕಾದರು!

ನಮ್ಮ ಕೋಡ್ ಮೊನ್ನೆ ಇನ್ನೊಂದು ಗುಟ್ಟು ಬಿಟ್ಟುಕೊಟ್ಟಿತು. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಅದು 32 ಬಿಟ್‌ಗಳಲ್ಲಿ ಎಣಿಸುತ್ತದೆ. 2038ರ ಜನವರಿ 19ರಂದು ಎಣಿಕೆ ತುಂಬಿ, ಋಣ ಸಂಖ್ಯೆಗೆ ಮಗುಚಿ, ಗಡಿಯಾರ 1901ಕ್ಕೆ ಜಾರುತ್ತದೆ. ಓಡಿಹೋಗಿ ಮೇಲಧಿಕಾರಿಗೆ ವರದಿ ಒಪ್ಪಿಸಿದೆ.

"ಅಂದು ಯಾವ ವಾರ?"

"ಮಂಗಳವಾರ ಸರ್."

"ಹಾಗಾದರೆ ಸೋಮವಾರ ನೋಡಿಕೊಳ್ಳೋಣ ಬಿಡಿ."